ಸಮ್ಮಿಲನ ಪ್ಲಾಸ್ಮಾದಲ್ಲಿ ಪ್ರಕ್ಷುಬ್ಧ ಉಷ್ಣ ಸಾಗಣೆ

ಕಾಂತಕ್ಷೇತ್ರದಲ್ಲಿ ಬಂಧಿಸಿಟ್ಟ ಪ್ಲಾಸ್ಮಾದ ನಡುಭಾಗದ ಉಷ್ಣ ಸೂಕ್ಷ್ಮ ಸುಳಿಗಳ ಮೂಲಕ ಅಂಚಿಗೆ ಸೋರಿಹೋಗುವ ವಿದ್ಯಮಾನ. ಟೋಕಮ್ಯಾಕ್ ಎಂಬ ಬಳೆಯಾಕಾರದ ಸಮ್ಮಿಲನ ಯಂತ್ರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬಹುಮಟ್ಟಿಗೆ ಈ ಸೋರಿಕೆಯೇ ನಿರ್ಧರಿಸುತ್ತದೆ.

ಕಾರಣ: ಅಯಾನುಗಳೂ ಎಲೆಕ್ಟ್ರಾನುಗಳೂ ಕಾಂತರೇಖೆಗಳ ಸುತ್ತ ಸುತ್ತುತ್ತಿರುತ್ತವೆ. ಪರಸ್ಪರ ಡಿಕ್ಕಿಯಿಂದ ಮಾತ್ರ ಅವು ಪಕ್ಕಕ್ಕೆ ಸರಿಯುವುದಾದರೆ ನಷ್ಟ ಅಲ್ಪ. ಪ್ರಯೋಗಗಳಲ್ಲಿ ಕಂಡದ್ದು ಅದಕ್ಕಿಂತ ಬಹಳ ಹೆಚ್ಚು. ಎಲೆಕ್ಟ್ರಾನುಗಳು ಒಯ್ಯುವ ಉಷ್ಣವಂತೂ ಹತ್ತಾರು ಪಟ್ಟು. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಯಂತ್ರದ ನಡುವೆ ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಅಲ್ಲಿಂದ ಸುಮಾರು ಎರಡು ಮೀಟರ್ ದೂರದಲ್ಲೇ ಪ್ಲಾಸ್ಮಾದ ಅಂಚು. ಇಷ್ಟು ಕಡಿದಾದ ತಾಪದ ಇಳಿಜಾರೇ ಅಸ್ಥಿರತೆಗಳಿಗೆ ಶಕ್ತಿ ಒದಗಿಸುತ್ತದೆ. ಇಳಿಜಾರು ಒಂದು ಮಿತಿ ದಾಟಿತೆಂದರೆ ಸುಳಿಗಳು ವೇಗವಾಗಿ ಬೆಳೆಯುತ್ತವೆ. ಹೆಚ್ಚು ಕಾಯಿಸಿದಷ್ಟೂ ಸೋರಿಕೆ ಏರುತ್ತದೆ.

ನಿಯಂತ್ರಣ: ಪ್ರಕ್ಷುಬ್ಧತೆಯಿಂದಲೇ ಹುಟ್ಟುವ ವಲಯ ಪ್ರವಾಹಗಳು ಸುಳಿಗಳನ್ನು ಸೀಳಿ ಕುಗ್ಗಿಸಬಲ್ಲವು. 1982ರಲ್ಲಿ ಜರ್ಮನಿಯ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವ್ಯಾಗ್ನರ್ ಮತ್ತು ಸಂಗಡಿಗರು ಗುರುತಿಸಿದ ಎಚ್-ಮೋಡ್ ಸ್ಥಿತಿಯಲ್ಲಿ ಅಂಚಿನ ಪ್ರಕ್ಷುಬ್ಧತೆ ಅಡಗಿ, ಉಷ್ಣ ಹಿಡಿದಿಡುವ ಅವಧಿ ಸುಮಾರು ಎರಡು ಪಟ್ಟಾಯಿತು.

ಭಾರತದಲ್ಲಿ ಅಧ್ಯಯನ: ಗಾಂಧಿನಗರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯ ಆದಿತ್ಯ ಟೋಕಮ್ಯಾಕ್ 1989ರಲ್ಲಿ ಕಾರ್ಯಾರಂಭ ಮಾಡಿತು. ಅದರ ನವೀಕೃತ ರೂಪವಾದ ಆದಿತ್ಯ-ಯು ಯಂತ್ರದ ಬಳೆಯ ತ್ರಿಜ್ಯ 75 ಸೆಂ.ಮೀ., ಪ್ಲಾಸ್ಮಾದ ಅಡ್ಡಕೊಯ್ತದ ತ್ರಿಜ್ಯ 25 ಸೆಂ.ಮೀ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಮೇಶ್ ಕುಲೇ ಅವರ ತಂಡ ಇದರ ಪ್ಲಾಸ್ಮಾವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಕಾಂತಕ್ಷೇತ್ರ ದುರ್ಬಲವಾಗಿರುವ ಹೊರಬದಿಯಲ್ಲಿ ಸಿಕ್ಕಿಕೊಂಡು ಅತ್ತಿತ್ತ ಓಲಾಡುವ ಎಲೆಕ್ಟ್ರಾನುಗಳೇ ಅಲ್ಲಿನ ಪ್ರಕ್ಷುಬ್ಧತೆಗೆ ಮುಖ್ಯ ಮೂಲವೆಂದು ತೋರಿಸಿತು (2023).

ಪುಣೆಯ ಪಾತ್ರ: ಕಣಗಳ ಕ್ಷಿಪ್ರ ಸುತ್ತಾಟದ ಸರಾಸರಿ ತೆಗೆದು ಸ್ಥಾನ ಮತ್ತು ವೇಗಗಳ ಆರು ಆಯಾಮದ ಲೆಕ್ಕವನ್ನು ಐದಕ್ಕೆ ಇಳಿಸಿದರೂ ಇಂಥ ಅನುಕರಣೆಗೆ ಸೂಪರ್‌ಕಂಪ್ಯೂಟರ್ ಬೇಕೇ ಬೇಕು. 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆ, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಎಂಬ ಸೂಪರ್‌ಕಂಪ್ಯೂಟರನ್ನು ನಿರ್ಮಿಸಿತು. ಅದೇ ಪರಂಪರೆಯ ಪರಮ್ ಪ್ರವೇಗ 2022ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಸಾಮರ್ಥ್ಯ 3.3 ಪೆಟಾಫ್ಲಾಪ್.

ಅಂಚಿನ ಸಮಸ್ಯೆ: ಪ್ಲಾಸ್ಮಾದ ಅಂಚಿನಲ್ಲಿ ಮುಚ್ಚಿದ ಕಾಂತರೇಖೆಗಳು ಮುಗಿದು, ಗೋಡೆಯನ್ನು ಮುಟ್ಟುವ ತೆರೆದ ರೇಖೆಗಳು ಶುರುವಾಗುತ್ತವೆ. ಕಾಂತಮೇಲ್ಮೈಗಳನ್ನೇ ಆಧರಿಸಿದ ನಿರ್ದೇಶಾಂಕಗಳು ಈ ಗಡಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಬೆಂಗಳೂರಿನ ತಂಡ ಸಿಲಿಂಡರಾಕೃತಿಯ ನಿರ್ದೇಶಾಂಕಗಳನ್ನು ಬಳಸುವ ಜಿ2ಸಿ3 ಎಂಬ ತಂತ್ರಾಂಶ ರೂಪಿಸಿದೆ. ನಡುಭಾಗವನ್ನೂ ಅಂಚನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವುದು ಇದರ ಗುರಿ.