ಬೆಲ್ಟ್ ಇಲ್ಲದ ಗರಡಿ ವಿದ್ಯೆ

ಟೇಕ್ವಾಂಡೊ ಕಲಿಯುವ ಮಕ್ಕಳಿಗೆ ಬಿಳಿ ಬೆಲ್ಟ್‌ನಿಂದ ಕಪ್ಪು ಬೆಲ್ಟ್‌ವರೆಗೆ ಹಲವು ಮೆಟ್ಟಿಲುಗಳಿವೆ. ಕೊರಿಯಾದ ಈ ಕಲೆಗೆ ಆ ಹೆಸರು ಬಂದದ್ದು 1955ರಲ್ಲಿ. ಆದರೆ ಹೋರಾಟದ ವಿದ್ಯೆ ಕಲಿಯುವವರನ್ನು ದರ್ಜೆಗಳಾಗಿ ವಿಂಗಡಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಬಲಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ವ್ಯಾಯಾಮ, ಕಂಬದ ಕಸರತ್ತು ಅವರ ಸಾಧನೆಯ ಭಾಗಗಳು. ಅವರ ಆಹಾರದ ವಿವರವೂ ಅದರಲ್ಲಿದೆ.

ಇಂದಿನ ಗರಡಿ ಮನೆಗಳಲ್ಲೂ ಮೊದಲ ಸ್ಥಾನ ಸಾಧನೆಗೇ. ಹೊಸ ಹುಡುಗನಿಗೆ ಬಂದ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಆಂಜನೇಯನಿಗೆ ಕೈಮುಗಿದು, ಗುದ್ದಲಿ ಹಿಡಿದು ಅಖಾಡದ ಕೆಮ್ಮಣ್ಣನ್ನು ಅಗೆಯಬೇಕು. ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಣ್ಣು ಮೆತ್ತಗಿರುತ್ತದೆ. ಬಿದ್ದವನಿಗೆ ಪೆಟ್ಟು ಕಡಿಮೆ. ಅಗೆಯುವವನಿಗೆ ಅದೇ ಮೊದಲ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಗದೆ. ಮೈ ಪಳಗಿದ ಮೇಲೆಯೇ ಉಸ್ತಾದರು ಪಟ್ಟುಗಳನ್ನು ಕಲಿಸುವುದು.

ಗರಡಿಯಲ್ಲಿ ಬೆಲ್ಟ್ ಇಲ್ಲ, ಪ್ರಮಾಣಪತ್ರವೂ ಇಲ್ಲ. ಪರೀಕ್ಷೆ ನಡೆಯುವುದು ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಂಥ ಕಡೆ, ಊರ ಜನರೆದುರಿನ ಕುಸ್ತಿಯಲ್ಲಿ. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ ಎಂಬುದೇ ತೀರ್ಪು. ಸೋತವನು ಮರುದಿನ ಮತ್ತೆ ಗುದ್ದಲಿ ಹಿಡಿಯಬೇಕು.

ಸೋಮೇಶ್ವರನ ಮಲ್ಲರ ಸಾಧನೆ ಗ್ರಂಥದಲ್ಲಿ ಉಳಿಯಿತು. ಗರಡಿಯ ಉಸ್ತಾದರ ವಿದ್ಯೆ ಇರುವುದು ಅವರ ಕೈಯಲ್ಲಿ, ಶಿಷ್ಯರ ಮೈಯಲ್ಲಿ. ಕಲಿಯಲು ಹುಡುಗರು ಬಾರದೆ ಒಂದು ಗರಡಿಯ ಬಾಗಿಲು ಮುಚ್ಚಿದರೆ, ಅಲ್ಲಿನ ಪಾಠವನ್ನು ಇನ್ನೊಮ್ಮೆ ತೆರೆದು ಓದಲು ಪುಸ್ತಕವಿರುವುದಿಲ್ಲ.