ಕೊರ್ಡೊಬಾದ ವಿದ್ಯಾರ್ಥಿಗಳು ಕೇಳಿದ ಪಾಲು

ವಿಶ್ವವಿದ್ಯಾಲಯದಲ್ಲಿ ಯಾರು ಕಲಿಸಬೇಕು, ಏನನ್ನು ಕಲಿಸಬೇಕು ಎಂಬ ತೀರ್ಮಾನಗಳಲ್ಲಿ ಕಲಿಯುವವರಿಗೂ ಮಾತಿರಬೇಕೇ? ಪ್ರಶ್ನೆ ಹೊಸದಲ್ಲ. ಮಧ್ಯಯುಗದಲ್ಲಿ ಇಟಲಿಯ ಬೊಲೊನ್ಯಾದ ವಿದ್ಯಾರ್ಥಿ ಸಂಘಗಳು ಅಧ್ಯಾಪಕರನ್ನು ತಾವೇ ನೇಮಿಸಿಕೊಂಡು, ಪಾಠಕ್ಕೆ ತಡವಾಗಿ ಬಂದವರಿಗೆ ದಂಡ ಹಾಕುತ್ತಿದ್ದವು. ನಗರಾಡಳಿತವೇ ಸಂಬಳ ಕೊಡತೊಡಗಿದ ಮೇಲೆ ಆ ಅಧಿಕಾರ ಕರಗಿತು. ಆಧುನಿಕ ಕಾಲದಲ್ಲಿ ಈ ಪ್ರಶ್ನೆಗೆ ಮತ್ತೆ ಜೀವ ತುಂಬಿದ್ದು ಅರ್ಜೆಂಟೀನದ ಕೊರ್ಡೊಬಾ ನಗರ.

ಕೊರ್ಡೊಬಾ ವಿಶ್ವವಿದ್ಯಾಲಯದ ಬೇರು 1613ರಲ್ಲಿ ಜೆಸ್ಯೂಟ್ ಪಾದ್ರಿಗಳು ಆರಂಭಿಸಿದ ವಿದ್ಯಾಲಯದಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಅದರ ಆಡಳಿತ ಆಜೀವ ಸದಸ್ಯರ ಸಣ್ಣ ಗುಂಪಿನ ಕೈಯಲ್ಲಿತ್ತು. ಸ್ಥಾನ ತೆರವಾದರೆ ಉಳಿದವರೇ ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದರು. ಹೊರಗೆ ದೇಶ ಬದಲಾಗಿತ್ತು. 1912ರ ಕಾನೂನು ಗಂಡಸರಿಗೆ ಗುಪ್ತ ಮತದಾನದ ವ್ಯವಸ್ಥೆ ತಂದಿತ್ತು. ಅದರ ಫಲವಾಗಿ 1916ರಲ್ಲಿ ಇಪೊಲಿತೊ ಇರಿಗೋಯೆನ್ ಅಧ್ಯಕ್ಷರಾದರು. ದೇಶದ ಅಧ್ಯಕ್ಷನನ್ನು ಆರಿಸಬಲ್ಲ ಯುವಕನಿಗೆ ತನ್ನ ಕಾಲೇಜಿನಲ್ಲಿ ಮಾತ್ರ ದನಿಯಿರಲಿಲ್ಲ.

ಕಿಡಿ ಹೊತ್ತಿದ್ದು ಸಣ್ಣ ಕಾರಣಕ್ಕೆ. 1917ರ ಕೊನೆಯಲ್ಲಿ ಆಸ್ಪತ್ರೆಯಲ್ಲಿದ್ದ ವೈದ್ಯಕೀಯ ವಿದ್ಯಾರ್ಥಿಗಳ ವಸತಿ ವ್ಯವಸ್ಥೆಯನ್ನು ರದ್ದುಪಡಿಸಲಾಯಿತು. ಮರುವರ್ಷ ಮಾರ್ಚ್‌ನಲ್ಲಿ ಮುಷ್ಕರ ಆರಂಭವಾಯಿತು. ಸರ್ಕಾರ ಮಧ್ಯೆ ಪ್ರವೇಶಿಸಿ ನಿಯಮಗಳನ್ನು ಸಡಿಲಿಸಿತಾದರೂ, ಮತದ ಹಕ್ಕು ಪ್ರಾಧ್ಯಾಪಕರಿಗಷ್ಟೇ ಸಿಕ್ಕಿತು. 1918ರ ಜೂನ್ 15ರಂದು ರೆಕ್ಟರ್ ಹುದ್ದೆಗೆ ಹಳೆಯ ಗುಂಪಿನ ಆಂತೋನಿಯೊ ನೋರೆಸ್ ಗೆದ್ದಾಗ ವಿದ್ಯಾರ್ಥಿಗಳು ಸಭಾಂಗಣಕ್ಕೆ ನುಗ್ಗಿದರು. ಜೂನ್ 21ರಂದು ದೆಯೊದೋರೊ ರೋಕಾ ಬರೆದ ಪ್ರಣಾಳಿಕೆ ಹೊರಬಂತು. ಸೆಪ್ಟೆಂಬರ್ 9ರಂದು ವಿದ್ಯಾರ್ಥಿಗಳು ವಿಶ್ವವಿದ್ಯಾಲಯವನ್ನೇ ವಶಪಡಿಸಿಕೊಂಡರು. ಸೈನಿಕರು ಅವರನ್ನು ಬಂಧಿಸಿದರೂ, ಅಕ್ಟೋಬರ್‌ನ ಹೊಸ ನಿಯಮಗಳು ಆಡಳಿತ ಮಂಡಳಿಯ ಆಯ್ಕೆಯಲ್ಲಿ ಅವರಿಗೂ ಪಾಲು ಕೊಟ್ಟವು.

ಈ ಚಳವಳಿ ಕೊರ್ಡೊಬಾದಲ್ಲೇ ನಿಲ್ಲಲಿಲ್ಲ. 1919ರಲ್ಲಿ ಪೆರುವಿನಲ್ಲಿ, 1923ರಲ್ಲಿ ಕ್ಯೂಬಾದಲ್ಲಿ ಅದೇ ಬೇಡಿಕೆಗಳು ಕೇಳಿಬಂದವು. ಪೆರುವಿನ ಆಯಾ ದೆ ಲಾ ತೋರೆ, ಕ್ಯೂಬಾದ ಹೂಲಿಯೊ ಆಂತೋನಿಯೊ ಮೆಯಾ ಮುಂತಾದ ರಾಜಕೀಯ ನಾಯಕರು ಬೆಳೆದದ್ದು ಇಂಥ ಹೋರಾಟಗಳಲ್ಲೇ.

ಆದರೆ ಸಿಕ್ಕ ಪಾಲು ಭದ್ರವಾಗಿರಲಿಲ್ಲ. 1966ರ ಜುಲೈ 29ರಂದು ಜನರಲ್ ಒಂಗಾನಿಯಾ ಅವರ ಸೈನಿಕ ಸರ್ಕಾರ ಈ ಸಹ-ಆಡಳಿತವನ್ನು ರದ್ದುಮಾಡಿತು. ಅದೇ ರಾತ್ರಿ ಬ್ಯೂನಸ್ ಐರಿಸ್‌ನ ವಿಶ್ವವಿದ್ಯಾಲಯದಲ್ಲಿ ಪೊಲೀಸರು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಲಾಠಿಯಿಂದ ಬಡಿದರು. ನೂರಾರು ಅಧ್ಯಾಪಕರು ರಾಜೀನಾಮೆಯಿತ್ತರು. ಹಲವರು ದೇಶವನ್ನೇ ಬಿಟ್ಟರು. 1983ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆಯೇ ಹಳೆಯ ವ್ಯವಸ್ಥೆ ಮತ್ತೆ ಚಿಗುರಿತು.

ವಿದ್ಯಾರ್ಥಿ ಇಂದು ಬಂದು ನಾಳೆ ಹೋಗುವವನು, ಅವನಿಗೇಕೆ ಅಧಿಕಾರ ಎಂಬ ಆಕ್ಷೇಪ ಇದ್ದೇ ಇದೆ. ಅದು ಸಂಪೂರ್ಣ ತಳ್ಳಿಹಾಕುವಂಥದ್ದೂ ಅಲ್ಲ. ಅರ್ಜೆಂಟೀನದ 1995ರ ಕಾನೂನು ಇದಕ್ಕೊಂದು ಮಧ್ಯಮ ಮಾರ್ಗ ಹುಡುಕಿತು: ಮಂಡಳಿಯಲ್ಲಿ ಕನಿಷ್ಠ ಅರ್ಧ ಸ್ಥಾನ ಅಧ್ಯಾಪಕರಿಗೆ; ವಿದ್ಯಾರ್ಥಿ ಪ್ರತಿನಿಧಿಯಾಗಲು ಶೇಕಡ 30ರಷ್ಟು ವಿಷಯಗಳಲ್ಲಾದರೂ ತೇರ್ಗಡೆಯಾಗಿರಬೇಕು. ಎಂದೂ ಹೋಗದೆ ಕುಳಿತವರ ಆಳ್ವಿಕೆ ಹೇಗಿರುತ್ತದೆಂಬುದನ್ನು ಮಾತ್ರ ಕೊರ್ಡೊಬಾ ಆಗಲೇ ಕಂಡಿತ್ತು.