ಡಿಕಾಕ್ಷನ್‌ಗೆ ಎಷ್ಟು ಖರ್ಚು ಮಾಡ್ಬೇಕು?

ಅಗ್ಗದ ಡ್ರಿಪ್ ಕಾಫಿ ಮೇಕರ್ ಯಾವುದು ತಗೊಳ್ಳಲಿ ಅಂತ ಗೆಳೆಯರು ಕೇಳ್ತಿರ್ತಾರೆ. ನಾನು ಕೊಡಗಿನ ಕತೆ ಶುರು ಮಾಡ್ತೀನಿ.

ಜಾನ್ ಫೌಲರ್ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಹಾಕಿದ್ದು 1854ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 1954ರಲ್ಲಿ, ಜರ್ಮನಿಯಲ್ಲಿ ವಿಗೋಮಾಟ್ ಎಂಬ ವಿದ್ಯುತ್ ಡ್ರಿಪ್ ಯಂತ್ರ ಬಂತು. ಆ ಹೊತ್ತಿಗೆ ಕೊಡಗಿನ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. 1942ರ ಕಾಯ್ದೆಯಂತೆ ಮನೆಬಳಕೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ದುಡ್ಡು ಕಂತುಕಂತಾಗಿ ಬರೋದು. ಈ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ.

ಅಂದ್ರೆ, ಇವತ್ತು ನೀವು ಬೆಳೆಗಾರರಿಂದಲೇ ನೇರವಾಗಿ ಬೀಜ ತರಿಸ್ಕೊಳ್ತೀರಲ್ಲ, ಅದು ನಮ್ಮ ಅಜ್ಜಂದಿರಿಗೆ ಸಿಗದ ಭಾಗ್ಯ. ದುಡ್ಡು ಅಲ್ಲಿ ಹಾಕಿ. ಯಂತ್ರ ಸಾದಾ ಆಗಿದ್ರೂ ನಡೆಯುತ್ತೆ: ಪುಡಿ ಸ್ವಲ್ಪ ತರಿಯಾಗಿರಲಿ, ಇಳಿದ ಕಾಫಿಯನ್ನು ಬಿಸಿ ತಟ್ಟೆಯ ಮೇಲೆ ಕೂರಿಸಿ ಕಹಿ ಮಾಡ್ಬೇಡಿ. ಅದೂ ಬೇಡ್ವಾ? ಅಮ್ಮನ ಸ್ಟೀಲ್ ಫಿಲ್ಟರ್ ಕೂಡ ಡ್ರಿಪ್ಪೇ ಅಲ್ವಾ! ಕರೆಂಟು ಬೇಡ, ಪೇಪರ್ರೂ ಬೇಡ. ಹಾಲಿನ ಬದಲು ಬಿಸಿನೀರು, ಒಂದು ಚೂರು ಬೆಲ್ಲ ಹಾಕಿ ನೋಡಿ. ಕೊಡಗಿನ ಮನೆಯ ರುಚಿ ನಾಲಿಗೆಗೆ ಬರುತ್ತೆ.